ನೆಲ್ಲಿಯ ಹೆಸರಿನ ಊರು

ನಾವು ಉಪ್ಪಿನಕಾಯಿ ಹಾಕುವ ಬೆಟ್ಟದ ನೆಲ್ಲಿಯ ಹೆಸರನ್ನು ಹೊತ್ತ ಪಟ್ಟಣವೊಂದು ಕಡಲಾಚೆ ಉಂಟೆಂದರೆ ತಮಗೆ ಸೋಜಿಗವಾದೀತು. ಅದು ಮಲೇಷ್ಯದ ಮಲಕ್ಕಾ. ಸುಮಾರು 1400ರಲ್ಲಿ, ನೆಲೆ ತಪ್ಪಿ ಬಂದ ಪರಮೇಶ್ವರನೆಂಬ ರಾಜಕುಮಾರ ಅಲ್ಲಿನ ಹೊಳೆಯ ದಡದಲ್ಲಿ ಒಂದು ನೆಲ್ಲಿಯ ಮರಕ್ಕೆ ಒರಗಿ ಕುಳಿತಿದ್ದನಂತೆ. ಮೊಲದಷ್ಟು ಎತ್ತರದ ಜಿಂಕೆಯೊಂದು ಅವನ ಬೇಟೆನಾಯಿಯನ್ನು ಒದ್ದು ನೀರಿಗೆ ಕೆಡವಿತಂತೆ. ಇದು ಗಂಡುಮೆಟ್ಟಿದ ನೆಲವೆಂದು ಅಲ್ಲೇ ಊರು ಕಟ್ಟಿ, ಮರದ ಹೆಸರನ್ನೇ ಇಟ್ಟನೆಂದು ಕಥೆ. ಹಂಪೆಯಲ್ಲಿ ಮೊಲವು ನಾಯಿಗಳನ್ನು ಅಟ್ಟಿದ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸತಲ್ಲ.

ಈ ಊರನ್ನು ಬೆಳೆಸಿದ್ದು ಗಾಳಿ. ಪಶ್ಚಿಮದ ಹಡಗುಗಳು ಒಂದು ಮಾರುತ ಹಿಡಿದು ಬರುತ್ತಿದ್ದವು, ಚೀಣದ ಹಡಗುಗಳು ಇನ್ನೊಂದು ಮಾರುತ ಹಿಡಿದು. ಹಿಂದಿರುಗಲು ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಕಾಯುತ್ತಾ ಕುಳಿತ ವರ್ತಕರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಮದುವೆಯಾಗಿ ಮನೆ ಹೂಡಿದರು. ಊರಿನಲ್ಲಿ 84 ಭಾಷೆಗಳು ಕೇಳುತ್ತಿದ್ದವೆಂದು ಅಲ್ಲಿ ಕೆಲಕಾಲ ಇದ್ದ ಪೋರ್ಚುಗೀಸ್ ಲೇಖಕ ತೊಮೆ ಪಿರೆಸ್ ಬರೆದಿಟ್ಟಿದ್ದಾನೆ.

ಇಂಥ ಸಂತೆಯ ಮೇಲೆ ಯಾರ ಕಣ್ಣು ಬೀಳದು? 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡ ಆಲ್ಬುಕರ್ಕ್ ಮರುವರ್ಷವೇ ಮಲಕ್ಕಾವನ್ನೂ ಹಿಡಿದ. 1641ರಲ್ಲಿ ಡಚ್ಚರು ಬಂದರು. 1824ರ ಒಪ್ಪಂದದಿಂದ ಊರು ಇಂಗ್ಲಿಷರ ಪಾಲಾಯಿತು. ಪೋರ್ಚುಗೀಸರ ಕೋಟೆಯಲ್ಲಿ ಇಂದು ಉಳಿದಿರುವುದು ಮುಖ್ಯವಾಗಿ ಒಂದು ಹೆಬ್ಬಾಗಿಲು.

ಆದರೆ ಅಡಿಗೆಮನೆಗಳು ಉಳಿದುವು. ತಮಿಳು ವರ್ತಕರ ಸಂತತಿಯಾದ ಚೆಟ್ಟಿಗಳು ಮನೆಯಲ್ಲಿ ಮಲಯ ಮಾತನಾಡುತ್ತಾರೆ; ಆದರೂ ಪೊಂಗಲಿನ ಹಿಂದಿನ ದಿನ, ಭೋಗಿಯಂದು, ಹಿರಿಯರಿಗೆ ಬಾಳೆಲೆಯಲ್ಲಿ ಎಡೆ ಇಡುವುದನ್ನು ಬಿಟ್ಟಿಲ್ಲ. ಪೋರ್ಚುಗೀಸ್ ಸಂತತಿಯವರು ಕ್ರಿಸ್‌ಮಸ್ಸಿನ ಹೊತ್ತಿಗೆ ಸಾಸಿವೆ, ವಿನಿಗರ್, ಒಣಮೆಣಸಿನಕಾಯಿ ಹಾಕಿ 'ದೆಬಾಲ್' ಎಂಬ ಮಾಂಸದ ಸಾರು ಮಾಡುತ್ತಾರೆ. ಹೆಸರಿನಲ್ಲೇ ಸೈತಾನನಿದ್ದಾನೆ, ಖಾರವೂ ಹೆಸರಿಗೆ ತಕ್ಕಂತೆ! ಚೀಣದ ಮೂಲದ ಮನೆಗಳ ಹೆಂಗಸರಾದ ನ್ಯೋನ್ಯರು ಚೀಣದ ಹುದುಗಿಸಿದ ಸೋಯಾ ಕಾಳಿಗೆ ಮಲಕ್ಕಾ ಬೆಲ್ಲ ಸೇರಿಸಿ ಕೋಳಿ ಬೇಯಿಸುತ್ತಾರೆ. ಆ ಬೆಲ್ಲವೋ, ಹೊಂಬಾಳೆಯ ರಸವನ್ನು ಕಾಯಿಸಿ ಬಿದಿರಿನ ಅಂಡೆಯಲ್ಲಿ ಹೊಯ್ದದ್ದು. ಬಿಸಿಲಿನಲ್ಲಿ ಅಲೆದು ದಣಿದವರಿಗೆ 'ಚೆಂಡೋಲ್' ಉಂಟು: ಕೇದಿಗೆಯ ಜಾತಿಯ ಎಲೆಯಿಂದ ಹಸುರು ಬಣ್ಣ ಕಟ್ಟಿದ, ಶ್ಯಾವಿಗೆಯಂಥ ಎಳೆಗಳು, ತೆಂಗಿನ ಹಾಲು, ಪುಡಿಮಾಡಿದ ಮಂಜುಗಡ್ಡೆ, ಮೇಲೆ ಅದೇ ಬೆಲ್ಲದ ಪಾಕ.

ನಾನು ಉಂಡ ಒಂದು ಮನೆಯಲ್ಲಿ ಎಂಬತ್ತು ದಾಟಿದ ನ್ಯೋನ್ಯ ಅಜ್ಜಿಯೊಬ್ಬರಿದ್ದರು. ಕೋಳಿಗೆ ಬೆಲ್ಲ ಎಷ್ಟು ಹಾಕುತ್ತೀರೆಂದು ಕೇಳಿದೆ. ಅವರು ಕೈಯಾಡಿಸಿ, "ಅಗಕ್ ಅಗಕ್" ಎಂದರು. ನಮ್ಮ ಅಜ್ಜಿಯರ "ಕಣ್ಣಂದಾಜು" ಅದೇ. ಮೊಮ್ಮಗಳು ಸಿಂಗಪುರದಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬ ಬಂದಾಗ ದೂರವಾಣಿಯಲ್ಲಿ ಅಳತೆ ಕೇಳುತ್ತಾಳಂತೆ. "ಕೇಳಿದರೆ ಬರುವುದಿಲ್ಲ, ಪಕ್ಕದಲ್ಲಿ ನಿಂತು ನೋಡಬೇಕು" ಎಂದು ಅಜ್ಜಿ ಸುಮ್ಮನಾದರು.

2008ರಲ್ಲಿ ಯುನೆಸ್ಕೋ ಮಲಕ್ಕಾವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಡಗಳಿಗೆ ಕಾವಲು ದೊರೆಯಿತು, ಒಳ್ಳೆಯದೇ. ಆದರೆ ಹಳೆಯ ಬೀದಿಗಳ ಅನೇಕ ಮನೆಗಳು ಹೋಟೆಲು, ಅಂಗಡಿಗಳಾಗಿವೆ. ಹಿಂದೆ ಅಲ್ಲಿ ಬಾಳಿದವರು ಬೇರೆಡೆಗೆ ಹೋಗಿದ್ದಾರೆ. ಪೋರ್ಚುಗೀಸ್ ಸಂತತಿಯವರ ಕ್ರಿಸ್ತಾಂಗ್ ನುಡಿಯನ್ನು ಆಡುವವರೂ ವಿರಳವಾಗುತ್ತಿದ್ದಾರೆ. ಗೋಡೆಯನ್ನು ಸರ್ಕಾರ ಕಾಯಬಹುದು; ಅಜ್ಜಿಯ ಕಣ್ಣಂದಾಜನ್ನು ಮನೆಯವರೇ ಕಾಯಬೇಕು.

ಈ ಮಾತು ಮಲಕ್ಕಾಕ್ಕೆ ಮಾತ್ರವಲ್ಲ. ತಮ್ಮ ಮನೆಯಲ್ಲಿ ನೆಲ್ಲಿಕಾಯಿಗೆ ಉಪ್ಪು ಬೆರೆಸುವ ಹಿರಿಯರು ಇದ್ದರೆ, ಈ ಸಲ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ.