ಮಾತು ತಡವಾದ ಮಗು ಮತ್ತು ಮನೆಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮನೆಗಳಲ್ಲಿ ಉರ್ದು, ಕೆಲವರಲ್ಲಿ ಬ್ಯಾರಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಮಾತು ತಡವಾದರೆ, "ಇಷ್ಟೊಂದು ಭಾಷೆ ಕೇಳಿ ಗೊಂದಲವಾಗಿದೆ, ಮನೆಮಾತು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸಿ" ಎಂದು ಯಾರಾದರೂ ಹೇಳುತ್ತಾರೆ. ಈ ಸಲಹೆ ತಪ್ಪು. ಎರಡು ಮೂರು ಭಾಷೆ ಕೇಳುತ್ತ ಬೆಳೆಯುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಎಷ್ಟು ತಾನೇ ಮಾತಾಡಿಯಾಳು? ಹೆಚ್ಚು ಮಾತು ಕೇಳಬೇಕಾದ ಮಗುವಿಗೇ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ.

ಮಕ್ಕಳು ಸಾಮಾನ್ಯವಾಗಿ 1 ವರ್ಷದ ಹೊತ್ತಿಗೆ ಮೊದಲ ಪದ ಆಡುತ್ತಾರೆ, 2 ವರ್ಷಕ್ಕೆ ಎರಡು ಪದ ಕೂಡಿಸುತ್ತಾರೆ. ಹಾಗಾಗದಿದ್ದರೆ "ಇವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬೇಡಿ. ನಾಲಗೆಗೆ ಬಜೆ ತಿಕ್ಕಿ ಸುಮ್ಮನಾಗಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹಸುಗೂಸಿಗೂ ಅದನ್ನು ಮಾಡಬಹುದು. ಕೇಳಿಸದ ಮಗು ಮಾತು ಕಲಿಯುವುದು ಹೇಗೆ?

ಆಮೇಲೆ ವಾಕ್ ಚಿಕಿತ್ಸಕರನ್ನು ಕಾಣಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಆರಂಭವಾದದ್ದು. ಚಿಕ್ಕ ಮಕ್ಕಳಿಗೆ ಸ್ಪೀಚ್ ಥೆರಪಿ ಎಂದರೆ ಬಹುಪಾಲು ಆಟ, ಚಿತ್ರ, ಮಾತುಕತೆ. ತಾಯಿಗೂ ಅಲ್ಲಿ ಪಾಠವಿರುತ್ತದೆ. ಎರಡು ಲೋಟ ತೋರಿಸಿ "ಪಾನಿ? ದೂದ್?" ಎಂದು ಕೇಳಿ, ಕೂಡಲೇ ಕೊಡದೆ, ಮಗುವಿನ ಮುಖ ನೋಡುತ್ತ ಸ್ವಲ್ಪ ಕಾಯಬೇಕು. ಮಗು ಬೆರಳು ತೋರಿಸಿದರೂ, ಅರ್ಧ ಪದ ಹೇಳಿದರೂ ಅದನ್ನು ಉತ್ತರವೆಂದು ಒಪ್ಪಿ, ಪೂರ್ತಿ ಪದ ಹೇಳಿ ಕೊಡಬೇಕು. ಚಿಕಿತ್ಸಕರ ಬಳಿ ವಾರಕ್ಕೆ ಒಂದೋ ಎರಡೋ ಗಂಟೆ. ಉಳಿದ ಹೊತ್ತೆಲ್ಲ ಮಗು ಮನೆಯಲ್ಲೇ. ಆದ್ದರಿಂದಲೇ ಮನೆಮಾತನ್ನು ಬಿಡಬೇಡಿ ಎನ್ನುತ್ತೇನೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ವಿಜ್ಞಾನ ಪಿಯುಸಿ ಮುಗಿಸಿದವರಿಗೆ ಇಂಟರ್ನ್‌ಶಿಪ್ ಸೇರಿ 4 ವರ್ಷದ ಬಿಎಎಸ್‌ಎಲ್‌ಪಿ ಪದವಿ ಇದೆ. ಉರ್ದು, ಬ್ಯಾರಿ, ಕನ್ನಡ ಬಲ್ಲ ಚಿಕಿತ್ಸಕರಿದ್ದರೆ ಮಗುವಿಗೆ ಏನು ತಿಳಿದಿದೆ ಎಂಬುದನ್ನು ಅದರ ಭಾಷೆಯಲ್ಲೇ ಪರೀಕ್ಷಿಸಬಹುದು. ಇಂಗ್ಲಿಷ್ ಬಾರದ್ದನ್ನೇ ಮಾತಿನ ದೋಷವೆಂದು ಬರೆಯುವ ಪ್ರಸಂಗ ತಪ್ಪುತ್ತದೆ. ಇಂಜಿನಿಯರಿಂಗ್, ನರ್ಸಿಂಗ್ ಜೊತೆಗೆ ಈ ಪದವಿಯ ಹೆಸರೂ ಮುಂದಿನ ವರ್ಷದ ಅರ್ಜಿಗಳಲ್ಲಿ ಕಾಣಲಿ. ಆ ಅರ್ಜಿಗಳಿಗೆ ಪದಾಧಿಕಾರಿಗಳು ಆದ್ಯತೆ ಕೊಡಬೇಕೆಂದು ಕೋರುತ್ತೇನೆ.