ಓದಿದ ರಾಗ, ಕೇಳಿದ ರಾಗ

ಕಾದಂಬರಿಯೊಂದು ಚಲನಚಿತ್ರವಾಗಿ ತೆರೆಗೆ ಬಂದಾಗ ನಮ್ಮ ನಡುವೆ ತಪ್ಪದೆ ಕೇಳಿಬರುವ ಮಾತೊಂದುಂಟು: “ಚಿತ್ರವೇನೋ ಚೆನ್ನಾಗಿದೆ, ಆದರೆ ಪುಸ್ತಕದ ಸ್ವಾರಸ್ಯ ಅದರಲ್ಲಿಲ್ಲ.” ಕಾಫಿಯ ಲೋಟ ಬರಿದಾಗುವುದರೊಳಗೆ ತೀರ್ಪು ಮುಗಿದಿರುತ್ತದೆ. ಮಾತು ಅನೇಕ ವೇಳೆ ನಿಜವೂ ಇರಬಹುದು. ಆದರೆ ಅದನ್ನು ಆಡಿದೊಡನೆ ಮುಂದಿನ ವಿಚಾರಕ್ಕೆ ಬಾಗಿಲು ಮುಚ್ಚಿಹೋಗುತ್ತದೆ ಎಂಬುದು ನನ್ನ ಆಕ್ಷೇಪ.

ತ.ರಾ.ಸು. ಅವರ ಕೃತಿಗಳನ್ನೇ ತೆಗೆದುಕೊಳ್ಳೋಣ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದು ಚಿತ್ರ ಮಾಡಿದರು. ಜನ ಮುಗಿಬಿದ್ದು ನೋಡಿದರು. ಲೇಖಕರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಅವರು ನೊಂದು ನುಡಿದರೆಂಬುದು ಪ್ರಸಿದ್ಧವಾದ ಸಂಗತಿ. ಮೂರು ಪುಸ್ತಕಗಳ ಕಥೆ ಒಂದೇ ಚಿತ್ರದಲ್ಲಿ ಅಡಗಬೇಕಾದರೆ ಏನಾದರೂ ಉದುರಲೇಬೇಕು. ಅಲ್ಲಿ ಹೋಲಿಕೆ ಸುಲಭ: ಘಟನೆಗೆ ಘಟನೆಯನ್ನು, ಪಾತ್ರಕ್ಕೆ ಪಾತ್ರವನ್ನು ಇಟ್ಟು ತೂಗಬಹುದು.

ಅವರದೇ ‘ಹಂಸಗೀತೆ’ಗೆ ಬಂದಾಗ ಈ ತಕ್ಕಡಿ ಸಾಲದಾಗುತ್ತದೆ. ಅದು ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ರಾಗದ ಹೆಸರೇ ಅವನ ಹೆಸರಿನೊಡನೆ ಬೆರೆತುಹೋಗಿದೆ. ಆದರೆ ಮುದ್ರಿತ ಪುಟ ಹಾಡುವುದಿಲ್ಲ. ಹಾಡನ್ನು ಓದುವವರ ಕಿವಿಯೇ ತುಂಬಿಕೊಳ್ಳಬೇಕು. ಮೈಸೂರಿನ ಕಡೆ ಕರ್ನಾಟಕ ಸಂಗೀತವನ್ನು ಕೇಳುತ್ತ ಬೆಳೆದವರ ಭೈರವಿಯಲ್ಲಿ ಚತುಶ್ರುತಿ ರಿಷಭವಿದೆ, ಎರಡು ಬಗೆಯ ಧೈವತಗಳೂ ಸುಳಿಯುತ್ತವೆ. ಧಾರವಾಡದ ಕಡೆ ಹಿಂದುಸ್ತಾನಿಯನ್ನು ಕೇಳುತ್ತ ಬೆಳೆದವರ ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ; ಆ ಸ್ವರಗಳು ದಕ್ಷಿಣದ ತೋಡಿಗೆ ಸಮೀಪ. ಪುಸ್ತಕ ಒಂದೇ, ಶಬ್ದ ಒಂದೇ. ಇಬ್ಬರು ಕನ್ನಡಿಗರು ಮನಸ್ಸಿನಲ್ಲಿ ಕೇಳಿದ ರಾಗ ಬೇರೆ ಬೇರೆ. ಇಬ್ಬರೂ ತಾವು ಕೇಳಿದ್ದೇ ಮೂಲವೆಂದು ನಂಬಿರುತ್ತಾರೆ!

ಚಲನಚಿತ್ರಕ್ಕೆ ಈ ಮೌನದ ಅನುಕೂಲವಿಲ್ಲ. ಅದು ಒಂದನ್ನು ಆರಿಸಿ ಹಾಡಿಸಲೇಬೇಕು. ಈ ಕಾದಂಬರಿಯಿಂದ ಎರಡು ಚಿತ್ರಗಳು ಬಂದವು. 1956ರ ಹಿಂದಿ ‘ಬಸಂತ್ ಬಹಾರ್’ ಕಥೆಯನ್ನು ದುರ್ಗದಿಂದ ಉತ್ತರದ ದರ್ಬಾರಿಗೆ ಕೊಂಡೊಯ್ದು, ಶಂಕರ್-ಜೈಕಿಶನ್ ಅವರ ಸಂಗೀತ ನಿರ್ದೇಶನದಲ್ಲಿ ಹಿಂದುಸ್ತಾನಿ ರಾಗಗಳನ್ನು ಹಾಡಿಸಿತು. ಅದರಲ್ಲೊಂದು ಸ್ಪರ್ಧೆಯ ಹಾಡುಂಟು. ನಾಯಕನಿಗೆ ಮನ್ನಾ ಡೇ ಅವರ ಕಂಠ. ಸೋಲುವ ಎದುರಾಳಿಗೆ ಭೀಮಸೇನ ಜೋಶಿಯವರ ಕಂಠ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಕನ್ನಡ ನಾಡಿನ ಗಾಯಕರು, ಕನ್ನಡ ಕಾದಂಬರಿಯಿಂದ ಮೂಡಿದ ಹಿಂದಿ ಚಿತ್ರದಲ್ಲಿ ಸೋಲುವವನಿಗಾಗಿ ಹಾಡಿದರು. ಕಥೆಯ ತೀರ್ಪು ಏನೇ ಇರಲಿ, ಎಷ್ಟೋ ಕಿವಿಗಳು ಆ ಸೋತ ಕಂಠವನ್ನೇ ಹಿಂಬಾಲಿಸಿ ಹೋಗಿರಬೇಕು.

1975ರಲ್ಲಿ ಜಿ.ವಿ. ಅಯ್ಯರ್ ಅವರು ಕನ್ನಡದಲ್ಲಿ ‘ಹಂಸಗೀತೆ’ಯನ್ನು ತೆರೆಗೆ ತಂದರು. ಅನಂತನಾಗ್ ನಾಯಕರಾದರು, ಕಥೆ ದುರ್ಗದ ಕಲ್ಲುಬಂಡೆಗಳ ನಡುವೆಯೇ ಉಳಿಯಿತು. ಸಂಗೀತ ಕರ್ನಾಟಕ ಪದ್ಧತಿಯದು. ಹಾಡಿದ ಎಂ. ಬಾಲಮುರಳೀಕೃಷ್ಣ ಅವರಿಗೆ ಆ ವರ್ಷದ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಎರಡರಲ್ಲಿ ಯಾವುದು ಮೂಲಕ್ಕೆ ನಿಷ್ಠ ಎಂದು ಕೇಳಿದರೆ ಕನ್ನಡ ಚಿತ್ರವೆಂದು ಒಡನೆ ಹೇಳಬಹುದು. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿದೆ: ಪುಟದ ಮೇಲೆ ಮೂಕವಾಗಿದ್ದ ಯಾವುದನ್ನು ಈ ಚಿತ್ರ ನಮಗೆ ಕೇಳಿಸಿತು?

ಇದರಲ್ಲಿ ನಷ್ಟವಿಲ್ಲವೆಂದಲ್ಲ. ಮೊದಲು ಓದಿದವರ ಮನಸ್ಸಿನಲ್ಲಿ ಹಾಡುತ್ತಿದ್ದ ವೆಂಕಟಸುಬ್ಬಯ್ಯ, ಚಿತ್ರ ನೋಡಿದ ಮೇಲೆ ಮೌನಿಯಾಗುತ್ತಾನೆ. ಅವನ ಜಾಗದಲ್ಲಿ ನಟರ ಮುಖ, ಗಾಯಕರ ಕಂಠ ಬಂದು ಕೂರುತ್ತವೆ. ಅವನನ್ನು ಮರಳಿ ಪಡೆಯುವುದು ಕಷ್ಟ. ಆದರೆ ರಾಗವೆಂದರೇನೆಂದು ಅರಿಯದವರ ಪಾಲಿಗೆ ಪುಸ್ತಕದ ಭೈರವಿ ಬರಿಯ ಮೂರು ಅಕ್ಷರಗಳ ಹಾಗೆ ಇದ್ದಿತು. ಅವರಿಗೆ ಶಾಸ್ತ್ರೀಯ ಸಂಗೀತದ ಮನೆಯ ಹೊಸ್ತಿಲನ್ನು ತೋರಿಸಿದ್ದು ಚಿತ್ರವೇ.

ಹೊಸ್ತಿಲಲ್ಲೇ ನಿಂತುಬಿಟ್ಟರೆ ಮಾತ್ರ ಮನೆ ಕಂಡಂತಾಗುವುದಿಲ್ಲ. ಚಿತ್ರದ ಹಾಡಿಗೆ ಇರುವುದು ಕೆಲವೇ ನಿಮಿಷ. ಕಚೇರಿಯಲ್ಲಿ ಅದೇ ರಾಗ ಗಂಟೆಯವರೆಗೂ ಹರಿಯಬಲ್ಲುದು. ಎರಡು ಪದ್ಧತಿಗಳ ಧ್ವನಿಮುದ್ರಣಗಳೂ ಇಂದು ಸುಲಭವಾಗಿ ದೊರೆಯುತ್ತವೆ. ಧಾರವಾಡದವರು ಮೈಸೂರಿನ ಭೈರವಿಯನ್ನು, ಮೈಸೂರಿನವರು ಧಾರವಾಡದ ಭೈರವಿಯನ್ನು ಒಮ್ಮೆ ನಿಧಾನವಾಗಿ ಕೇಳಲಿ. ಚಿತ್ರದುರ್ಗವಿರುವುದೂ ಈ ಎರಡು ಊರುಗಳ ನಡುವೆಯೇ ಅಲ್ಲವೆ? ಆಮೇಲೆ ಕಾದಂಬರಿಯನ್ನು ಮತ್ತೆ ತೆರೆಯಲಿ. ಪುಸ್ತಕ ಹೆಚ್ಚೋ ಚಿತ್ರ ಹೆಚ್ಚೋ ಎಂಬ ತೀರ್ಪನ್ನು ಅಲ್ಲಿಯವರೆಗೆ ಕಾದಿರಿಸಿದರೆ ಯಾರಿಗೂ ಅನ್ಯಾಯವಾಗದು.