ಮೀನಿನ ಪಂಚಾಂಗ

ಹುಣ್ಣಿಮೆಯ ರಾತ್ರಿ ಹಲಸೂರು ಕೆರೆಯ ದಡದಲ್ಲಿ ನಿಂತವರಿಗೆ ನೀರಿನ ಮೇಲಣ ಬೆಳದಿಂಗಳು ಕಣ್ಣಿಗೊಂದು ಹಬ್ಬವಾಗಿ ತೋರುವುದು ಸಹಜ. ನೀರಿನೊಳಗಣ ಜೀವಿಗಳಿಗೆ ಚಂದ್ರನು ಏನನ್ನಾದರೂ ತಿಳಿಸುವನೇ ಎಂಬುದು ಈ ಹೊತ್ತಿನ ವಿಚಾರ.

ಮೊದಲು ಕೆರೆಯ ಮೀನನ್ನೇ ನೋಡೋಣ. ನಮ್ಮ ಕೆರೆಗಳಲ್ಲಿ ಬಿಟ್ಟು ಬೆಳೆಸುವ ಕಾಟ್ಲ, ರೋಹು ಮೊದಲಾದ ಗೆಂಡೆಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮುಂಗಾರಿನ ಹೊಸನೀರೂ ಹೊಳೆಯ ಪ್ರವಾಹವೂ ಬೇಕು. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು, ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಗೆಂಡೆಗಳಿಗೆ ಚುಚ್ಚಿ, ಹೊಳೆಯ ಹಂಗಿಲ್ಲದೆಯೇ ಅವು ಮೊಟ್ಟೆಯಿಡುವಂತೆ ಮಾಡಿದರು. ಋತುವು ಹೊರಗಿನಿಂದ ಕೊಡುವ ಅಪ್ಪಣೆಯನ್ನು ದೇಹದೊಳಗೆ ನಡೆಯಿಸುವುದು ಗ್ರಂಥಿಗಳೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಡಲಿನ ಹವಳದ ದಿಬ್ಬಗಳಲ್ಲಿ ವಾಸಿಸುವ ಅನೇಕ ಮೀನುಗಳಿಗಾದರೋ ಋತುವೊಂದೇ ಸಾಲದು, ತಿಥಿಯೂ ಕೂಡಿಬರಬೇಕು. ಲಕ್ಷದ್ವೀಪದ ಬಿತ್ರ ಎಂಬ ಕಿರುದ್ವೀಪವನ್ನು ತೆಗೆದುಕೊಳ್ಳಿ. ಇದು ನಮಗೆ ತೀರ ಪರಸ್ಥಳವಲ್ಲ. ಅಮಿನಿದೀವಿ ದ್ವೀಪಗಳು ಒಮ್ಮೆ ಟಿಪ್ಪು ಸುಲ್ತಾನನ ಅಧೀನದಲ್ಲಿದ್ದು, 1799ರಲ್ಲಿ ಕಂಪೆನಿಯ ಕೈಸೇರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿ ಗ್ರೂಪರ್ ಜಾತಿಯ ದೊಡ್ಡ ಮೀನು, ನಮ್ಮ ಕರಾವಳಿಯವರು ಮುರು ಎನ್ನುವಂಥದು, ವರ್ಷದ ಬಹುಭಾಗ ಚದುರಿಕೊಂಡಿದ್ದು, ಚಳಿಗಾಲದ ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೇ ಎಡೆಯಲ್ಲಿ ನೆರೆಯುವುದು. ಚೈತ್ರ ಪೂರ್ಣಿಮೆಯಂದು ನಮ್ಮ ಜನ ಕರಗಕ್ಕೆ ನೆರೆಯುವಂತೆಯೇ ಸರಿ.

ಹೀಗೆ ನೆರೆಯುವುದೇತಕ್ಕೆ? ಈ ಮೀನುಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೇ ಚೆಲ್ಲುವುವು. ಎಲ್ಲವೂ ಒಂದೇ ಹೊತ್ತಿಗೆ ಚೆಲ್ಲದಿದ್ದರೆ ಅದು ನೀರುಪಾಲು. ಏಕಕಾಲಕ್ಕೆ ಅಪಾರವಾಗಿ ಬಂದ ಮೊಟ್ಟೆಗಳನ್ನು ತಿನ್ನುವವರು ಎಷ್ಟು ತಿಂದರೂ ಉಳಿದಾವು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರವಿಳಿತವು ಉಳಿದವನ್ನು ದಿಬ್ಬದಿಂದ ದೂರಕ್ಕೆ ಸಾಗಿಸಲೂ ಬಹುದು. ಆದರೆ ಎಲ್ಲ ಮೀನಿಗೂ ಒಂದೇ ತಿಥಿಯಲ್ಲ. ಜಪಾನಿನ ಓಕಿನಾವಾದಲ್ಲಿ ಸಿಗಾನಸ್ ಎಂಬ ಕುಲದ ಒಂದು ಮೀನು ಶುಕ್ಲಪಕ್ಷದ ಅರ್ಧಚಂದ್ರನ ಹೊತ್ತಿಗೆ ಮೊಟ್ಟೆಯಿಡುವುದು. ಅದನ್ನು ತೊಟ್ಟಿಯಲ್ಲಿಟ್ಟು, ಪ್ರತಿರಾತ್ರಿಯೂ ಹುಣ್ಣಿಮೆಯ ಬೆಳಕನ್ನೇ ಅಥವಾ ಅಮಾವಾಸ್ಯೆಯ ಕತ್ತಲೆಯನ್ನೇ ಒದಗಿಸಿದಾಗ, ಅದು ತನ್ನ ತಿಥಿಯನ್ನು ತಪ್ಪಿತು. ಇರುಳಿನ ಬೆಳಕು ಹೆಚ್ಚಿ ಕುಗ್ಗುವುದನ್ನು ಅದು ಅರಿಯಬಲ್ಲದೆಂದಾಯಿತು.

ವಿಪತ್ತಿರುವುದೂ ಇಲ್ಲಿಯೇ. ಮೀನಿನ ತಿಥಿಯನ್ನು ಬೆಸ್ತನೂ ಬಲ್ಲನು. ಚದುರಿದ ಮೀನನ್ನು ವರ್ಷವೆಲ್ಲ ಅರಸುವುದಕ್ಕಿಂತ, ನೆರೆದ ಮೀನನ್ನು ನಾಲ್ಕೇ ದಿನಗಳಲ್ಲಿ ಹಿಡಿಯುವುದು ಸುಲಭ. ಬಲೆ ತುಂಬಿದಾಗ ಕಡಲು ಸಮೃದ್ಧವೆಂಬ ಭ್ರಮೆ ಹುಟ್ಟುವುದು. ವಾಸ್ತವವಾಗಿ ಬಲೆಗೆ ಬಿದ್ದಿರುವುದು ವಿಶಾಲ ಪ್ರದೇಶವೊಂದರ ಬಿತ್ತನೆಯ ಕಾಳು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮಳೆಗಾಲದಲ್ಲಿ ಮರಿಮಾಡುವ ಮೀನಿಗೆ ಅದು ರಕ್ಷೆ. ಚಳಿಗಾಲದ ಅಮಾವಾಸ್ಯೆಯನ್ನು ಕಾಯುವ ಮೀನಿಗೆ ಅಂಥ ನಿಷೇಧದಿಂದ ಏನು ಫಲ?

ಉಪಾಯವಿಲ್ಲದೆ ಇಲ್ಲ. ಕೆರಿಬಿಯನ್ ಕಡಲಿನ ಲಿಟ್ಲ್ ಕೇಮನ್ ದ್ವೀಪದಲ್ಲಿ ನಸಾವು ಗ್ರೂಪರ್ ಎಂಬ ಮೀನು ಚಳಿಗಾಲದ ಹುಣ್ಣಿಮೆಗೆ ನೆರೆಯುವುದು. 2001ರಲ್ಲಿ ಆ ನೆಲೆ ಬೆಳಕಿಗೆ ಬಂದು, ಎರಡು ಮೂರು ವರ್ಷಗಳಲ್ಲಿಯೇ ಬಹುಪಾಲು ಸೂರೆಯಾಯಿತು. 2003ರಲ್ಲಿ ಅಲ್ಲಿ ಹಿಡಿಯುವುದನ್ನು ನಿಲ್ಲಿಸಿದರು. ಮುಂದಿನ ಹದಿನೈದು ವರ್ಷಗಳಲ್ಲಿ ಮೀನಿನ ಸಂಖ್ಯೆ ಮೂರು ಪಟ್ಟಿಗೂ ಮಿಕ್ಕಿ ಬೆಳೆಯಿತು. ಕಡಲನ್ನೆಲ್ಲ ಮುಚ್ಚಬೇಕಾಗಿಲ್ಲ, ತಕ್ಕ ಸ್ಥಳದಲ್ಲಿ, ತಕ್ಕ ತಿಥಿಗಳಲ್ಲಿ ಕೈತಡೆದರೆ ಬಹಳಮಟ್ಟಿಗೆ ಸಾಕು.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ನಮಗೆ ಕಾಣುವುದು ದರ ಮತ್ತು ತೂಕ. ಅದು ಯಾವ ತಿಂಗಳಿನ ಯಾವ ಪಕ್ಷದಲ್ಲಿ, ಯಾವ ಕಾರ್ಯಕ್ಕೆ ಹೊರಟಿದ್ದಾಗ ಸಿಕ್ಕಿತೆಂಬುದು ಕಾಣುವುದಿಲ್ಲ. ಮದುವೆ ಮುಂಜಿಗಳಿಗೆ ಪಂಚಾಂಗ ತೆರೆಯುವ ನಾವು, ಮೀನಿಗೂ ಒಂದು ಪಂಚಾಂಗವಿದೆಯೆಂದು ನೆನೆದು ಒಮ್ಮೆ ಕೇಳಿದರೆ, ಕೇಳುವವರಿರುವರೆಂಬ ಸುದ್ದಿ ಕಡಲಿನವರೆಗೂ ಹೋದೀತು.